ರಾತ್ರಿಯ ಮೂವತ್ತೈದು ನಿಮಿಷ

ಉದಗೀರ ಇರುವುದು ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿ, ಆದರೆ ರೈಲ್ವೆಯ ಲೆಕ್ಕಕ್ಕೆ ಅದು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗ. ನಾಂದೇಡ–ಬೆಂಗಳೂರು ಎಕ್ಸ್‌ಪ್ರೆಸ್ ಈ ನಿಲ್ದಾಣ ಹಾದು ಭಾಲ್ಕಿ, ಬೀದರ್ ಕಡೆಗೆ ಇಳಿಯುತ್ತದೆ. ನಿಲಂಗಾ, ಉಮರ್ಗಾದವರಿಗೆ ಊರಲ್ಲಿ ಹಳಿಯೇ ಇಲ್ಲ; ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗ ಮೊಬೈಲಿನಲ್ಲೇ ಟಿಕೆಟ್ ತೆಗೆದು ಕಳಿಸಬೇಕು. ಕೌಂಟರಿನಲ್ಲಿ ಕೇಳಿದರೂ ಮೊಬೈಲಿನಲ್ಲಿ ಒತ್ತಿದರೂ ಬರ್ತ್ ಹುಡುಕುವುದು ದೂರದ ದೊಡ್ಡ ಕಂಪ್ಯೂಟರೇ. ಕಾಯ್ದಿರಿಸುವಿಕೆಯ ‘ಕಾನ್ಸರ್ಟ್’ ತಂತ್ರಾಂಶ ಮೊದಲು ಓಡಿದ್ದು ಸಿಕಂದರಾಬಾದಿನಲ್ಲಿ, 1994ರ ಸೆಪ್ಟೆಂಬರಿನಲ್ಲಿ. 1999ರ ಏಪ್ರಿಲ್ ಹೊತ್ತಿಗೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಐದೂ ಕೇಂದ್ರಗಳು ಒಂದಕ್ಕೊಂದು ಬೆಸೆದುಕೊಂಡವು.

ಆನ್‌ಲೈನ್ ಬುಕಿಂಗ್ ರಾತ್ರಿ 11.45ಕ್ಕೆ ನಿಂತು 12.20ಕ್ಕೆ ಮತ್ತೆ ತೆರೆಯುತ್ತದೆ. ಹತ್ತಾರು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಲೈಬ್ರರಿಯೊಂದನ್ನು ಬದಲಿಸಬೇಕಾದಾಗ ಇಂಥ ಬಿಡುವಿಗೆ ಕಾದು ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕೇ, ಅಥವಾ ಹಗಲಲ್ಲೇ, ಟಿಕೆಟ್ ಕೊಡುತ್ತಿರುವಾಗಲೇ ಬದಲಿಸಬಹುದೇ? ಮೇನ್‌ಫ್ರೇಮ್‌ನಂಥ ದೊಡ್ಡ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರ ನಡುವೆ ಈ ಜಗಳ ಹಳೆಯದು.

ನಿಲ್ಲಿಸದೆಯೇ ಬದಲಿಸುವ ದಾರಿಯಂತೂ ಇದೆ. ರೈಲ್ವೆಯ ಈಗಿನ ಕಾಯ್ದಿರಿಸುವಿಕೆ ವ್ಯವಸ್ಥೆ 2010ರಲ್ಲಿ ಬಂದದ್ದು, ಇಟೇನಿಯಂ ಸರ್ವರುಗಳಲ್ಲಿ ಓಪನ್‌ವಿಎಂಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಓಡುತ್ತದೆ ಎಂದು 2025ರಲ್ಲಿ ರೈಲ್ವೆ ಸಚಿವಾಲಯ ತಿಳಿಸಿತ್ತು. ಕಟ್ಟುನಿಟ್ಟಾಗಿ ಹೇಳಿದರೆ ಇದು ಮೇನ್‌ಫ್ರೇಮ್ ಅಲ್ಲ, ಅದರ ದಾಯಾದಿ. ಓಪನ್‌ವಿಎಂಎಸ್‌ನಲ್ಲಿ ಫೈಲನ್ನು ಹೊಸದಾಗಿ ಉಳಿಸಿದಾಗ ಹಳೆಯದು ಅಳಿಯುವುದಿಲ್ಲ, ಮುಂದಿನ ಸಂಖ್ಯೆಯ ಆವೃತ್ತಿಯೊಂದು ಹುಟ್ಟುತ್ತದೆ. ‘ಇನ್‌ಸ್ಟಾಲ್ ರಿಪ್ಲೇಸ್’ ಎಂದು ಆಜ್ಞೆ ಕೊಟ್ಟರೆ ಆಮೇಲೆ ಶುರುವಾಗುವ ಪ್ರೋಗ್ರಾಂಗಳಿಗೆ ಹೊಸ ಲೈಬ್ರರಿ ಸಿಗುತ್ತದೆ. ಆಗಲೇ ಓಡುತ್ತಿರುವವು ಹಳೆಯದನ್ನೇ ಹಿಡಿದಿರುತ್ತವೆ. ಐಬಿಎಂ ಮೇನ್‌ಫ್ರೇಮ್‌ಗಳ ಜ಼ೆಡ್‌ಓಎಸ್‌ನಲ್ಲಿ ಈ ಕೆಲಸಕ್ಕೆ ‘ಸೆಟ್‌ಪ್ರಾಗ್’ ಇದೆ. ಲೈಬ್ರರಿಗಳ ಹೊಸ ಪಟ್ಟಿ ಕಟ್ಟಿ ಅದನ್ನು ಚಾಲ್ತಿಗೆ ತರಬಹುದು. ಅಲ್ಲಿಯೂ ಹಳೆಯ ಪಟ್ಟಿ ಹಿಡಿದ ಕೆಲಸಗಳು ಮುಗಿಯುವವರೆಗೆ ಹಳೆಯದು ಉಳಿದೇ ಇರುತ್ತದೆ.

ಹಗಲಲ್ಲೇ ಮಾಡೋಣ ಎನ್ನುವವರ ಮಾತಿನಲ್ಲಿ ತೂಕವಿದೆ. ರೀಸ್ಟಾರ್ಟ್ ಎಂದರೆ ಯಂತ್ರ ಏಳಲು ಹಿಡಿಯುವ ಕೆಲವು ನಿಮಿಷವಷ್ಟೇ ಅಲ್ಲ. ಡೇಟಾಬೇಸ್ ತನ್ನ ಲೆಕ್ಕ ಸರಿಮಾಡಿಕೊಳ್ಳಬೇಕು, ಸಾವಿರಾರು ಟರ್ಮಿನಲ್‌ಗಳು ಮತ್ತೆ ಜೋಡಿಸಿಕೊಳ್ಳಬೇಕು. ಬುಕಿಂಗ್ ಮುಚ್ಚಿದ ಮೂವತ್ತೈದು ನಿಮಿಷವೂ ಖಾಲಿ ಸಮಯವಲ್ಲ, ದಿನಾಂತ್ಯದ ಕೆಲಸಗಳಿಗೇ ಅದು ಬೇಕು. ಅಲ್ಲದೆ ಭದ್ರತೆಯ ತೂತು ಕಂಡ ದಿನವೇ ಮುಚ್ಚಬೇಕಲ್ಲವೇ? ಬ್ಯಾಂಕುಗಳಿಗಂತೂ ಯುಪಿಐ ಬಂದ ಮೇಲೆ ರಾತ್ರಿಯೆಂಬುದೇ ಉಳಿದಿಲ್ಲ.

ಆದರೆ ಎದುರು ಪಕ್ಷದ ಅಂಜಿಕೆಯೂ ಗಾಳಿಯದಲ್ಲ. ಬದಲಾವಣೆಯಾದ ಆ ಕ್ಷಣಕ್ಕೆ ಅವರು ಹೆದರುವುದಿಲ್ಲ, ಆಮೇಲಿನ ತಿಂಗಳುಗಳಿಗೆ ಹೆದರುತ್ತಾರೆ. ಮೂರು ತಿಂಗಳಿಂದ ನಿಲ್ಲದೆ ಓಡುತ್ತಿರುವ ಸರ್ವರ್ ಪ್ರೋಗ್ರಾಂ ಹಳೆಯ ಲೈಬ್ರರಿಯಿಂದ ದರ ಲೆಕ್ಕ ಹಾಕುತ್ತದೆ, ಇಂದು ಶುರುವಾದದ್ದು ಹೊಸದರಿಂದ. ಒಂದೇ ಯಂತ್ರದಿಂದ ಎರಡು ಉತ್ತರ ಬಂದಾವು. ಓಡುತ್ತಿರುವ ಕೆಲಸಕ್ಕೂ ಹೊಸ ಪಟ್ಟಿ ಹೇರುವ ಆಜ್ಞೆ ಜ಼ೆಡ್‌ಓಎಸ್‌ನಲ್ಲಿದೆ, ಆದರೆ ಪ್ರೋಗ್ರಾಂ ಹಳೆಯ ಪಟ್ಟಿಯಿಂದ ಏನನ್ನೋ ಓದುತ್ತಿದ್ದರೆ ಕೆಟ್ಟೀತು ಎಂದು ಐಬಿಎಂನ ಕೈಪಿಡಿಯೇ ಎಚ್ಚರಿಸುತ್ತದೆ. ಇನ್ನೂ ಕೆಟ್ಟದ್ದು ಮರೆವು. ಸೆಟ್‌ಪ್ರಾಗ್‌ನಿಂದ ಮಾಡಿದ ಬದಲಾವಣೆ ಬದುಕುವುದು ಮೆಮರಿಯಲ್ಲಿ. ಆರಂಭದ ಫೈಲಿನಲ್ಲಿ ಅದನ್ನು ಬರೆದಿಡದಿದ್ದರೆ ಎಂದೋ ಕರೆಂಟು ಹೋಗಿ ಯಂತ್ರ ಎದ್ದ ದಿನ ಹಳೆಯ ಲೈಬ್ರರಿಯೇ ತಿರುಗಿ ಬರುತ್ತದೆ. ಅಷ್ಟು ಹೊತ್ತಿಗೆ ಬದಲಿಸಿದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಹಲವು ಯಂತ್ರಗಳ ಕ್ಲಸ್ಟರ್ ಆದರೆ ಪ್ರತಿಯೊಂದರಲ್ಲೂ ಬೇರೆಬೇರೆಯಾಗಿ ಆಜ್ಞೆ ಕೊಡಬೇಕು. ಒಂದರಲ್ಲಿ ಬಿಟ್ಟುಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ಕೆಟ್ಟರೆ ಹಿಂದಕ್ಕೆ ಹೋದರಾಯಿತು ಎಂಬ ಧೈರ್ಯದ ಮಾತನ್ನು ಎರಡೂ ಪಕ್ಷದವರು ಸಲೀಸಾಗಿ ಆಡುತ್ತಾರೆ, ನನಗೆ ಅದರಲ್ಲಿ ನಂಬಿಕೆ ಕಡಿಮೆ. 2012ರ ಜೂನ್‌ನಲ್ಲಿ ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ ಸಮೂಹ ರಾತ್ರಿಯ ಕೆಲಸ ಹೊಂದಿಸುವ ತಂತ್ರಾಂಶವನ್ನು ನವೀಕರಿಸಿ, ತೊಂದರೆ ಕಂಡು ಹಳೆಯದಕ್ಕೆ ಮರಳಿತು. ಹಳೆಯದು ಹೊಸದರ ಜೊತೆ ಹೊಂದಲಿಲ್ಲ. ಸುಮಾರು 65 ಲಕ್ಷ ಗ್ರಾಹಕರಿಗೆ ತೊಂದರೆಯಾಯಿತು, 2014ರಲ್ಲಿ ನಿಯಂತ್ರಕರು ಒಟ್ಟು 5.6 ಕೋಟಿ ಪೌಂಡ್ ದಂಡ ಹಾಕಿದರು. ಅಲ್ಲಿ ರೀಸ್ಟಾರ್ಟ್ ಮಾಡಿದರೋ ಇಲ್ಲವೋ ಎಂಬುದು ಪ್ರಶ್ನೆಯೇ ಆಗಿರಲಿಲ್ಲ.

ನಿಲ್ಲಿಸುವುದಕ್ಕೂ ಅಷ್ಟೊಂದು ಅಳುಕಬೇಕಿಲ್ಲ. ಕೊರೊನಾ ನಂತರ ರೈಲುಗಳ ಹಳೆಯ ಸಂಖ್ಯೆ ಮರಳಿ ತರಲು 2021ರ ನವೆಂಬರಿನಲ್ಲಿ ರೈಲ್ವೆ ಏಳು ರಾತ್ರಿ, 11.30ರಿಂದ ಬೆಳಗಿನ 5.30ರವರೆಗೆ, ಕಾಯ್ದಿರಿಸುವಿಕೆಯನ್ನೇ ಮುಚ್ಚಿತ್ತು. ಮೊದಲೇ ಹೇಳಿ ಮುಚ್ಚಿದ ರಾತ್ರಿಯನ್ನು ಜನ ಸಹಿಸುತ್ತಾರೆ. ಬೆಳಗ್ಗೆ ಹತ್ತಕ್ಕೆ ತತ್ಕಾಲ್ ತೆರೆದ ಮೂರನೇ ನಿಮಿಷಕ್ಕೆ ಪರದೆ ನಿಂತರೆ ಉದಗೀರದ ಸಾಲಿನಲ್ಲಿ ಕನ್ನಡ, ಮರಾಠಿ, ದಖ್ಖನಿ ಮೂರರಲ್ಲೂ ಬೈಗುಳ ಬೀಳುತ್ತದೆ.

ಕ್ಲಸ್ಟರಿನ ಯಂತ್ರಗಳನ್ನು ಒಂದೊಂದಾಗಿ ಎಬ್ಬಿಸುವುದು ಮೂರನೆಯ ದಾರಿ. ಸೇವೆ ನಿಲ್ಲದು, ಪ್ರತಿ ಯಂತ್ರವೂ ಶುದ್ಧವಾಗಿ ಏಳುತ್ತದೆ. ಆದರೂ ಎಲ್ಲವೂ ಮುಗಿಯುವವರೆಗೆ ಹಳೆಯ ಹೊಸ ಪ್ರೋಗ್ರಾಂಗಳು ಒಂದೇ ಡೇಟಾಬೇಸಿಗೆ ಬರೆಯುತ್ತಿರುತ್ತವೆ. ಅವೆರಡೂ ಹೊಂದದಿದ್ದರೆ ಈ ಜಾಣತನವೂ ಕೈಕೊಡುತ್ತದೆ.

ನನ್ನ ಮಟ್ಟಿಗೆ ಗೆರೆ ಹೀಗೆ ಬೀಳುತ್ತದೆ. ಯಾರೂ ಇನ್ನೂ ಬಳಸದ ಹೊಸ ಲೈಬ್ರರಿಯನ್ನು ಹಗಲಲ್ಲೇ ಸೇರಿಸಲಿ, ತುರ್ತು ಭದ್ರತೆಯ ತೇಪೆಯನ್ನೂ ಹಾಕಲಿ. ದರ, ಕೋಟಾ, ವೇಟಿಂಗ್ ಲಿಸ್ಟ್ ಲೆಕ್ಕ ಹಾಕುವ ಲೈಬ್ರರಿ ಬದಲಾಗುವುದಾದರೆ ರಾತ್ರಿಗೆ ಕಾಯುವುದು ಲೇಸು, ಬಿಡುವು ಸಾಲದಿದ್ದರೆ ಮೊದಲೇ ತಿಳಿಸಿ ಇನ್ನೊಂದು ಗಂಟೆ ಕೇಳಲಿ. ಹಗಲಲ್ಲಿ ಏನೇ ಬದಲಿಸಿದ್ದರೂ ಅದೇ ದಿನ ಆರಂಭದ ಫೈಲಿಗೆ ಅದು ಸೇರಬೇಕು, ಮತ್ತು ಮುಂದಿನ ಬಿಡುವಿನಲ್ಲಿ ಒಂದಾದರೂ ಯಂತ್ರವನ್ನು ನಿಜವಾಗಿ ಆರಿಸಿ ಎಬ್ಬಿಸಿ, ಅದು ಹೊಸ ಲೈಬ್ರರಿಯೊಂದಿಗೇ ಎದ್ದಿತೇ ಎಂದು ನೋಡಬೇಕು.