ಬೈಲುಕುಪ್ಪೆಯ ಆತಿಥ್ಯ, ದಿಲ್ಲಿಯ ಎಚ್ಚರ

ನೆಲೆ ಕಳೆದುಕೊಂಡು ಬಂದವರಿಗೆ ಆಶ್ರಯ ನೀಡಬೇಕು, ಆದರೆ ಅವರನ್ನು ಹೊರದೂಡಿದ ನೆರೆರಾಷ್ಟ್ರದ ವೈರ ಕಟ್ಟಿಕೊಳ್ಳಬಾರದು. 1959ರಲ್ಲಿ ಜವಾಹರಲಾಲ್ ನೆಹರೂ ಅವರ ಮುಂದಿದ್ದ ಇಕ್ಕಟ್ಟು ಇದು. ಟಿಬೆಟ್ ಚೀನಾದ ಪ್ರದೇಶವೆಂದು 1954ರ ಒಪ್ಪಂದದಲ್ಲಿ ಭಾರತವೇ ಒಪ್ಪಿಕೊಂಡಿತ್ತು. 1959ರ ಮಾರ್ಚ್ 31ರಂದು ದಲೈಲಾಮಾ ಗಡಿ ದಾಟಿ ಬಂದರು; ಅವರ ಬೆನ್ನಿಗೇ ಸುಮಾರು 80,000 ಟಿಬೆಟನ್ನರು ಬಂದರು. ನೆಹರೂ ಆಶ್ರಯ ಕೊಟ್ಟರು, ದಲೈಲಾಮಾ ಅವರ ಸರ್ಕಾರಕ್ಕೆ ಮಾನ್ಯತೆ ಕೊಡಲಿಲ್ಲ. ಇದು ಮಾನವೀಯ ನೆರವೇ ಹೊರತು ರಾಜಕಾರಣವಲ್ಲ ಎಂಬ ದಿಲ್ಲಿಯ ಮಾತನ್ನು ಬೀಜಿಂಗ್ ನಂಬಲಿಲ್ಲ.

ಈ ರಾಜತಾಂತ್ರಿಕತೆಯ ಭಾರ ಹೊತ್ತವರಲ್ಲಿ ಕನ್ನಡನಾಡು ಪ್ರಮುಖ. ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರಿಗೆ ಶಾಶ್ವತ ನೆಲೆ ಬೇಕೆಂದು ಕೇಂದ್ರವು ರಾಜ್ಯಗಳನ್ನು ಕೋರಿದಾಗ, ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ನೀಡಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿತು. ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುವುದು ಎಸ್. ನಿಜಲಿಂಗಪ್ಪ ಅವರನ್ನು. ಆದರೆ ಆ ತಂಡ ಕಾಲಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ ಎಂಬುದನ್ನು ನಾವಾದರೂ ಮರೆಯಬಾರದು. ಮುಂದೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲೂ ವಸತಿಗಳೆದ್ದವು. ಲಾಸಾದ ಸೆರಾ ಮಠ ಬೈಲುಕುಪ್ಪೆಯಲ್ಲಿ, ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಮುಂಡಗೋಡದಲ್ಲಿ ಮರುಹುಟ್ಟು ಪಡೆದವು. ಮೆಕ್ಕೆಜೋಳ ಬೆಳೆದು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿ ಆ ಜನ ಬದುಕು ಕಟ್ಟಿಕೊಂಡರು.

ಇಷ್ಟಾದರೂ ಕಾನೂನಿನ ಕಣ್ಣಿನಲ್ಲಿ ಅವರು ನಿರಾಶ್ರಿತರಲ್ಲ, ವಿದೇಶಿಯರು. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಸ್ವಂತ ಕಾನೂನನ್ನೂ ಮಾಡಿಲ್ಲ. ಪೌರತ್ವ ಪಡೆಯದವರು ಇಲ್ಲೇ ಹುಟ್ಟಿದ್ದರೂ ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಇರಬೇಕು. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಬೌದ್ಧರನ್ನು ಒಳಗೊಂಡಿತು, ಟಿಬೆಟ್ಟಿನ ಬೌದ್ಧರನ್ನು ಬಿಟ್ಟಿತು. ಶ್ರೀಲಂಕಾದ ತಮಿಳರಿಗೂ ಅದೇ ಗತಿ. ಕಾನೂನಿಲ್ಲದಿರುವುದು ದಿಲ್ಲಿಗೆ ಅನುಕೂಲ: ಯಾರನ್ನು ಅತಿಥಿ ಎನ್ನಬೇಕು, ಯಾರನ್ನು ಅಕ್ರಮ ವಲಸಿಗ ಎನ್ನಬೇಕು ಎಂಬುದನ್ನು ಆಯಾ ಕಾಲದ ವಿದೇಶಾಂಗ ನೀತಿಯೇ ನಿರ್ಧರಿಸಬಹುದು.

ಇದರ ಬಿಸಿ 2018ರಲ್ಲಿ ತಟ್ಟಿತು. ಆಶ್ರಯದ ಅರವತ್ತನೇ ವರ್ಷಕ್ಕೆ ಟಿಬೆಟನ್ನರು ದಿಲ್ಲಿಯಲ್ಲಿ ಕೃತಜ್ಞತಾ ಸಮಾರಂಭ ಏರ್ಪಡಿಸಿದಾಗ, ಚೀನಾದೊಡನೆ ಸಂಬಂಧ ಸರಿಪಡಿಸುವ ಯತ್ನದಲ್ಲಿದ್ದ ಸರ್ಕಾರ ತನ್ನ ಅಧಿಕಾರಿಗಳಿಗೆ ದೂರವಿರಲು ಸೂಚಿಸಿತು. ಸಮಾರಂಭ ಧರ್ಮಶಾಲೆಗೆ ಸ್ಥಳಾಂತರವಾಯಿತು. 2025ರ ಜುಲೈನಲ್ಲಿ ದಲೈಲಾಮಾ ತಮ್ಮ ಉತ್ತರಾಧಿಕಾರಿಯ ಆಯ್ಕೆ ತಮ್ಮ ಟ್ರಸ್ಟಿನದೇ ಹೊಣೆ ಎಂದು ಸಾರಿದಾಗಲೂ, ಧಾರ್ಮಿಕ ನಂಬಿಕೆಗಳ ವಿಷಯದಲ್ಲಿ ತಾನು ನಿಲುವು ತಳೆಯುವುದಿಲ್ಲ ಎಂದಿತು ವಿದೇಶಾಂಗ ಸಚಿವಾಲಯ. ಆ ಉತ್ತರಾಧಿಕಾರಿಯನ್ನು ಚೀನಾ ತಾನೇ ಹೆಸರಿಸಿದರೆ ವಿವಾದ ಮುಂಡಗೋಡ, ಬೈಲುಕುಪ್ಪೆಗಳ ಮಠಗಳ ಬಾಗಿಲಿಗೂ ಬರಲಿದೆ.