ಗೋಗಿಯ ಯುರೇನಿಯಂ ಮತ್ತು ನಮ್ಮ ಕೂಲಿ ಲೆಕ್ಕ



ಹೋದ ವಾರ ಮಾನ್ವಿಯಲ್ಲಿ ಮೀಟಿಂಗ್ ಮುಗಿಸಿ ಚಹಾ ಕುಡೀತಿದ್ದಾಗ ಒಬ್ಬ ತಮ್ಮ ಕೇಳಿದ: "ಅಣ್ಣ, ಗೋಗಿಯಾಗ ಯುರೇನಿಯಂ ಗಣಿ ಶುರುವಾದ್ರ ನಮಗೂ ಕೆಲಸ ಸಿಗ್ತದಲ್ಲ? ನೀವ್ಯಾಕ ಬ್ಯಾಡ ಅಂತೀರಿ?" ಐಟಿಐ ಓದಿದ ಹುಡುಗ. ಬೆಂಗಳೂರಿಗೆ ಗುಳೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡಿ ಬಂದಿದ್ದಾನೆ. ಅವತ್ತು ಅರ್ಧ ಉತ್ತರ ಕೊಟ್ಟು ಬಸ್ಸು ಹತ್ತಿದೆ. ಉಳಿದರ್ಧ ಇಲ್ಲಿ ಬರೀತಿದ್ದೀನಿ.

ಗೋಗಿ ದೂರದ ಊರಲ್ಲ. ದೇವದುರ್ಗದ ಕಡೆಯಿಂದ ಹೂವಿನಹೆಡಗಿ ಸೇತುವೆ ದಾಟಿದರೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕು. ಗೋಗಿ ಅದೇ ತಾಲೂಕಿನಲ್ಲಿದೆ. ಅಲ್ಲಿ ಯುರೇನಿಯಂ ಸಿಕ್ಕಿದೆ. ಅದನ್ನು ತೆಗೆಯಲು ಹೊರಟಿರೋದು ಕೇಂದ್ರ ಸರ್ಕಾರದ ಯುರೇನಿಯಂ ಕಾರ್ಪೊರೇಷನ್, 1967ರಲ್ಲಿ ಶುರುವಾದ ಕಂಪನಿ. ಊರಿನವರ ವಿರೋಧ ಹಳೆಯದು.

ಅಣುವಿದ್ಯುತ್ ಅನ್ನೋದು ಇವತ್ತು ಜಗತ್ತಿನ ವ್ಯಾಪಾರ. ರಷ್ಯಾದ ಸರ್ಕಾರಿ ನಿಗಮ ರೊಸಾಟಮ್ ನೋಡಿ. ಬಾಂಗ್ಲಾದೇಶದ ರೂಪ್ಪೂರ್‌ನಲ್ಲಿ 1,200 ಮೆಗಾವ್ಯಾಟ್‌ನ ಎರಡು ರಿಯಾಕ್ಟರ್ ಕಟ್ಟೋದು ಅದೇ, ಖರ್ಚಿನ ಶೇ 90ರಷ್ಟು ಸಾಲ ಕೊಡೋದು ಅದರ ಸರ್ಕಾರ, ಇಂಧನ ಕೊಡೋದೂ ಅದೇ. ತಮಿಳುನಾಡಿನ ಕೂಡಂಕುಳಂಗೂ ರಿಯಾಕ್ಟರ್, ಇಂಧನ ಅಲ್ಲಿಂದಲೇ. ಬಳಸಿದ ಇಂಧನ ಮಾತ್ರ ನಮ್ಮ ನೆಲದಲ್ಲೇ ಉಳಿಯುತ್ತೆ.

ಈ ವ್ಯಾಪಾರದಲ್ಲಿ ಬಾಯಿಮಾತು ಇಲ್ಲ. ಎಲ್ಲಾ ಕಾಗದದ ಮೇಲೆ. 2010ರಲ್ಲಿ ನಮ್ಮ ಸಂಸತ್ತು ಅಣು ಹಾನಿ ಹೊಣೆಗಾರಿಕೆ ಕಾಯ್ದೆ ಮಾಡಿತು. ಸ್ಥಾವರ ನಡೆಸೋರ ಹೊಣೆಗೆ 1,500 ಕೋಟಿ ರೂಪಾಯಿ ಮಿತಿ ಹಾಕಿತು. ಯಂತ್ರದಲ್ಲಿ ದೋಷ ಇದ್ದರೆ ಪೂರೈಸಿದ ಕಂಪನಿಯಿಂದ ಆ ಹಣ ವಸೂಲಿ ಮಾಡಬಹುದು ಅಂತ 17ನೇ ಕಲಂ ಹೇಳಿತು. ಅಷ್ಟಕ್ಕೇ ಅಮೆರಿಕ, ರಷ್ಯಾದ ಕಂಪನಿಗಳು ತಕರಾರು ತೆಗೆದವು. ಅಂದ್ರೆ ಅಪಾಯದ ಲೆಕ್ಕ ಮೊದಲು ಕೇಳಿದ್ದು ಕೋಟಿ ಕೋಟಿ ಇರೋರು. ಅವರು ಕೇಳಿದ್ರೆ ಅದು ವ್ಯವಹಾರ. ನಾವು ಕೇಳಿದ್ರೆ ಅಭಿವೃದ್ಧಿ ವಿರೋಧಿ!

ಹಾಗಾದ್ರೆ ನಮ್ಮ ಲೆಕ್ಕವನ್ನೂ ನೋಡೋಣ.

ಮೊದಲು ಕೆಲಸ. 371(ಜೆ) ಇದೆಯಲ್ಲ ಅಂತ ಎಲ್ಲರೂ ಅಂತಾರೆ. ಅದರ ಮೀಸಲಾತಿ ರಾಜ್ಯ ಸರ್ಕಾರ ಮತ್ತು ಅದರ ಸಂಸ್ಥೆಗಳ ಹುದ್ದೆಗೆ ಮಾತ್ರ. ಯುರೇನಿಯಂ ಕಾರ್ಪೊರೇಷನ್ ಕೇಂದ್ರದ್ದು. ಅಲ್ಲಿ ಕಾಯಂ ಹುದ್ದೆಗೆ ಎಸ್‌ಸಿ, ಎಸ್‌ಟಿ ಮೀಸಲಾತಿ ಇದೆ, ಆದರೆ ಅದಕ್ಕೆ ಸ್ಪರ್ಧೆ ದೇಶದ್ದು. ನಮ್ಮ ಹುಡುಗರಿಗೆ ಉಳಿಯೋದು ಗುತ್ತಿಗೆ ಕೂಲಿ. ನಮ್ಮ ದೊಡ್ಡಪ್ಪ ಗುಳೆ ಹೋಗಿ ಬೇರೆ ರಾಜ್ಯದ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಬೂದಿ ಹೊತ್ತರು. ಕೆಮ್ಮು ಹಿಡಿದು ವಾಪಸ್ ಬಂದಾಗ ಅಲ್ಲಿ ದುಡಿದಿದ್ದಕ್ಕೆ ಅವರ ಹತ್ರ ಒಂದು ಚೀಟಿನೂ ಇರಲಿಲ್ಲ. ಪರಿಹಾರ ಕೇಳೋದು ಯಾರನ್ನ?

ಎರಡನೇದು ಭೂಮಿ. 2013ರ ಭೂಸ್ವಾಧೀನ ಕಾಯ್ದೆ ಮೂರು ವರ್ಷ ಆ ನೆಲದಲ್ಲಿ ದುಡಿದ ಭೂಹೀನ ಕೂಲಿಯನ್ನೂ ಸಂತ್ರಸ್ತ ಅಂತ ಒಪ್ಪಿತು. ಒಳ್ಳೇದೇ. ಆದರೆ ಅದರ ನಾಲ್ಕನೇ ಅನುಸೂಚಿಯಲ್ಲಿ ಬಿಟ್ಟ 13 ಕಾಯ್ದೆಗಳಲ್ಲಿ 1962ರ ಅಣುಶಕ್ತಿ ಕಾಯ್ದೆಯೂ ಒಂದಾಗಿತ್ತು. 2015ರ ಆದೇಶ ಪರಿಹಾರ, ಪುನರ್ವಸತಿಯನ್ನು ಅದಕ್ಕೂ ಕೊಟ್ಟಿತು, ಸಾಮಾಜಿಕ ಪರಿಣಾಮದ ಅಧ್ಯಯನ ಕೊಡಲಿಲ್ಲ. ಆ ಅಧ್ಯಯನ ಇಲ್ಲದಿದ್ದರೆ ಪಹಣಿ ಇಲ್ಲದ ನಮ್ಮವರ ಹೆಸರು ಬರ್ಕೊಳ್ಳೋರು ಯಾರು?

ಮೂರನೇದು ನೀರು. ಜಾರ್ಖಂಡಿನ ಜಾದುಗೋಡಾದಲ್ಲಿ ಇದೇ ಕಂಪನಿಯ ಗಣಿ ಇದೆ. ಅಲ್ಲಿ ಸಾವಿರ ಕೆಜಿ ಅದಿರಿಗೆ ಒಂದು ಕೆಜಿ ಯುರೇನಿಯಂ ಕೂಡ ಸಿಗೋದಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ವಿಕಿರಣ ಸೂಸುವ ಕೆಸರಾಗಿ ಆದಿವಾಸಿಗಳ ಊರ ಪಕ್ಕದ ಕೊಳಗಳಲ್ಲಿ ಕೂತಿದೆ. ಶಹಾಪುರದ ಹಳ್ಳಗಳು ಭೀಮಾಕ್ಕೆ ಹೋಗಲಿ, ನೇರ ಕೃಷ್ಣೆಗೆ ಬರಲಿ, ಕೊನೆಗೆ ಬಂದು ಸೇರೋದು ರಾಯಚೂರಿನ ದಡಕ್ಕೆ. ಫ್ಲೋರೈಡ್, ಆರ್ಸೆನಿಕ್ ನೀರು ಕುಡಿದ ಹಳ್ಳಿಗಳು ನಮ್ಮ ಜಿಲ್ಲೆಯಲ್ಲಿ ಈಗಾಗಲೇ ಇವೆ. ಏಮ್ಸ್ ಕೊಡಿ ಅಂತ 2022ರ ಮೇ ತಿಂಗಳಿಂದ ರಾಯಚೂರು ನಗರದಲ್ಲಿ ಧರಣಿ ಕೂತವರು ನಾವು. ಆಸ್ಪತ್ರೆ ಕೇಳಿದ ನಾಡಿಗೆ ಗಣಿ ಮೊದಲು ಬರಬೇಕಾ?

ನಾನು ಕರೆಂಟಿಗೆ ವಿರೋಧಿ ಅಲ್ಲ. ಕೈಗಾದ ಮೊದಲ ಘಟಕ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿದ್ದು ಗೊತ್ತಿದೆ. ಕಲ್ಲಿದ್ದಲೇ ಒಳ್ಳೇದು ಅಂತಲೂ ಹೇಳೋದಿಲ್ಲ. ಶಕ್ತಿನಗರ ಪಕ್ಕದಲ್ಲೇ ಇದೆ, ಹಾರುಬೂದಿ ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ.

ತಮ್ಮಾ, ಕೆಲಸ ಬೇಡ ಅಂತ ನಾನು ಅಂದಿಲ್ಲ. ಕಂಪನಿ ಕಂಪನಿಗೆ ಕೊಡೋ ಕಾಗದ ನಮಗೂ ಕೊಡಲಿ ಅಂತೀನಿ. ನೆಲ ಅಗೆಯೋ ಮೊದಲು ಎರಡೂ ದಡದ ಹಳ್ಳಿಗಳ ನೀರು ಪರೀಕ್ಷೆ ಮಾಡಿ ವರದಿಯನ್ನು ಪಂಚಾಯ್ತಿ ಗೋಡೆಗೆ ಕನ್ನಡದಲ್ಲಿ ಹಚ್ಚಲಿ. ಗುತ್ತಿಗೆ ಕೂಲಿಗೂ ವಿಕಿರಣ ಅಳೆಯೋ ಬ್ಯಾಡ್ಜ್ ಕೊಡಲಿ, ಅವನ ಆರೋಗ್ಯದ ದಾಖಲೆ ಅವನ ಕೈಯಲ್ಲೇ ಇರಲಿ. ಭೂಮಿ ಇಲ್ಲದವರ ಹೆಸರು ಪಟ್ಟಿಗೆ ಬರಲಿ. ಇಷ್ಟನ್ನೂ ಬರೆದು ಕೊಡೋ ತನಕ ನನ್ನ ಉತ್ತರ ಬ್ಯಾಡ ಅಂತನೇ.

ಆ ಪಟ್ಟಿ ಅವರು ಮಾಡ್ತಾರಂತ ಕಾಯೋದು ಬೇಡ. ಮುಂದಿನ ಭಾನುವಾರ ದೇವದುರ್ಗದಲ್ಲಿ ಕೂಡೋಣ. ಹೊಳಿ ಆಚೆಯ ಬಂಧುಗಳೂ ಬರ್ರಿ. ಒಂದು ನೋಟ್‌ಬುಕ್, ಒಂದು ಪೆನ್ನು ತರ್ರಿ. ಹೆಸರು ನಾವೇ ಬರೆಯೋಕೆ ಶುರು ಮಾಡೋಣ.

ಜೈ ಭೀಮ್.