ಸೇವಂತಿಗೆಯ ಕತ್ತಲೆ

ಬೆಂಗಳೂರಿನಲ್ಲಿ ಈಗ ಚಳಿಗಾಲವೇ ಇಲ್ಲ ಎನ್ನುವ ಮಾತು ಡಿಸೆಂಬರ್ ಬಂದಾಗಲೆಲ್ಲ ಕಿವಿಗೆ ಬೀಳುತ್ತದೆ. ಸ್ವೆಟರು ಬೀರುವಿನಿಂದ ಹೊರಬರುವುದೇ ಅಪರೂಪವಾಗಿದೆ, ಒಪ್ಪೋಣ. ಆದರೆ ‘ಅದಕ್ಕೇ ನಮ್ಮನೆ ಸೇವಂತಿಗೆ ಮೊಗ್ಗು ಬಿಡುತ್ತಿಲ್ಲ’ ಎಂದು ಜೊತೆಗೆ ಸೇರಿಸುತ್ತಾರಲ್ಲ, ಅಲ್ಲಿ ನನ್ನದೊಂದು ಸಣ್ಣ ತಕರಾರಿದೆ.

ಅತಿ ಸೆಕೆ ಮೊಗ್ಗನ್ನು ತಡಮಾಡಿಸಬಹುದು, ನಿಜ. ಆದರೂ ಸೇವಂತಿಗೆ ಮುಖ್ಯವಾಗಿ ಲೆಕ್ಕ ಇಡುವುದು ರಾತ್ರಿಯ ಉದ್ದವನ್ನು. ಬೆಂಗಳೂರಿನ ಹಗಲು ಜೂನ್‌ನಲ್ಲಿ ಸುಮಾರು 13 ಗಂಟೆ. ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷದ ಆಸುಪಾಸು. ನಮ್ಮ ಗಮನಕ್ಕೇ ಬಾರದ ಈ ಒಂದೂವರೆ ಗಂಟೆ ಗಿಡಕ್ಕೆ ದೊಡ್ಡ ಸಮಾಚಾರ. ಮಾಗಿ ಬೆಚ್ಚಗಾದರೂ ರಾತ್ರಿ ಗಿಡ್ಡವಾಗಿಲ್ಲ.

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ತುಂಬ ಸಾಲುಸಾಲಾಗಿ ಬಲ್ಬು ಉರಿಯುವುದನ್ನು ನೋಡಿರುತ್ತಾರೆ. ಅದು ಜಾತ್ರೆಯ ದೀಪವಲ್ಲ. ಸೇವಂತಿಗೆ ಬೆಳೆಗಾರರು ಇನ್ನೂ ಹಗಲಿದೆ ಎಂದು ಗಿಡವನ್ನು ನಂಬಿಸಿ, ಮೊಗ್ಗನ್ನು ತಡೆದಿಟ್ಟು, ಗಿಡ ಚೆನ್ನಾಗಿ ಬೆಳೆದ ಮೇಲೆ ದೀಪ ಆರಿಸುತ್ತಾರೆ. ಅವರು ಕರೆಂಟಿಗೆ ದುಡ್ಡು ಸುರಿದು ಬೇಕೆಂದೇ ಮಾಡುವ ಕೆಲಸವನ್ನು ನಾವು ಕಾಂಪೌಂಡಿನ ಎಲ್‌ಇಡಿಯಿಂದ ಗೊತ್ತಿಲ್ಲದೆ ಮಾಡುತ್ತೇವೆ. ದೀಪ ಆರಿಸುವುದೊಂದನ್ನು ಬಿಟ್ಟು.

‘ನರ್ಸರಿಯಿಂದ ತಂದ ವರ್ಷ ಇದೇ ದೀಪದ ಕೆಳಗೆ ಅರಳಿತ್ತಲ್ಲ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದು ಮೊಗ್ಗು ಕಟ್ಟಿದ್ದು ನರ್ಸರಿಯ ಕತ್ತಲೆಯಲ್ಲಿ. ಅರಳಿದ್ದಷ್ಟೇ ನಿಮ್ಮ ಗೇಟಿನಲ್ಲಿ. ಮೆಕ್ಸಿಕೊ ಮೂಲದ ಪಾಯಿನ್ಸೆಟಿಯಾ ಕೂಡ ಹೀಗೆಯೇ. ಕ್ರಿಸ್‌ಮಸ್ ಹೊತ್ತಿಗೆ ಕೆಂಪಗೆ ತಂದ ಗಿಡ ಮರುವರ್ಷ ಬರೀ ಹಸಿರಾಗಿ ನಿಂತರೆ ಗೊಬ್ಬರ ಹಾಕುವ ಮುನ್ನ ಬೀದಿದೀಪದ ಕಡೆ ಒಮ್ಮೆ ಕತ್ತೆತ್ತಿ ನೋಡಿ. ಅದರ ಕೆಂಪು ಎಲೆಗಳದ್ದು, ಹೂವು ನಡುವಿನ ಹಳದಿ ಪುಟಾಣಿಗಳು. ಎಲೆ ಕೆಂಪಾಗಬೇಕಾದರೆ ವಾರಗಟ್ಟಲೆ ಎಡೆಬಿಡದ ಉದ್ದನೆಯ ಕತ್ತಲೆ ಬೇಕು.

ಚಳಿಗಾಲದ ತೋಟ ಎಂದರೆ ಪೆಟೂನಿಯಾ ಕುಂಡಗಳ ಸಾಲು ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ಜನವರಿಯ ಲಾಲ್‌ಬಾಗ್ ಪ್ರದರ್ಶನಕ್ಕೆ ನಾನೂ ಕ್ಯೂ ನಿಲ್ಲುವವನೇ. ಆದರೆ ಹಿತ್ತಿಲಲ್ಲಿ ಒಂದು ನಾಟಿ ಅವರೆ ಬಳ್ಳಿ ಹಬ್ಬಿಸಿದವರಿಗೆ ಋತು ಬದಲಾದದ್ದು ಕ್ಯಾಲೆಂಡರ್ ಇಲ್ಲದೆ ತಿಳಿಯುತ್ತದೆ. ಅದೂ ರಾತ್ರಿ ಉದ್ದವಾಗುವವರೆಗೆ ಹೂ ಬಿಡದ ಜಾತಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಈ ಕಟ್ಟುಪಾಡಿಲ್ಲದ ತಳಿಗಳನ್ನು ಕೊಟ್ಟಿದ್ದರಿಂದ ಬೇಸಿಗೆಯಲ್ಲೂ ಅವರೆಕಾಯಿ ಸಿಗುವಂತಾಗಿದೆ. ರೈತನಿಗೆ ಅದು ಒಳ್ಳೆಯದೇ. ನನಗಂತೂ ಕಾದು ತಿನ್ನುವ ಸೊಗಡಿನ ಅವರೆಯೇ ಇರಲಿ.

ಕಳ್ಳಕಾಕರ ಭಯಕ್ಕೆ ದೀಪ ಬೇಕೇ ಬೇಕು ಎನ್ನುವವರೂ ಇದ್ದಾರೆ. ಅವರ ಭಯ ಸುಳ್ಳಲ್ಲ. ಯಾರಾದರೂ ಹತ್ತಿರ ಬಂದಾಗ ಮಾತ್ರ ಹೊತ್ತಿಕೊಳ್ಳುವ ಸೆನ್ಸರ್ ದೀಪಗಳಿವೆ. ಬೀದಿದೀಪ ನಮ್ಮ ಕೈಯಲ್ಲಿಲ್ಲ, ಕುಂಡ ಇದೆಯಲ್ಲ: ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ಅದನ್ನು ಹಗಲು ಬಿಸಿಲು ಬೀಳುವ, ರಾತ್ರಿ ದೀಪ ತಾಗದ ಗೋಡೆಯ ಹಿಂದಕ್ಕೆ ಸರಿಸಿ. ಮೊಗ್ಗು ಬಣ್ಣ ತೋರಿದ ಮೇಲೆ ಗೇಟಿನ ಮುಂದೆಯೇ ಇಟ್ಟುಕೊಳ್ಳಿ.